ಎಂಬತ್ತು ಎಂ.ಬಿ. ಜಾಗಕ್ಕಾಗಿ

ಶೈಲಾ, ಒಂಬತ್ತು ವರ್ಷದ ಹಿಂದೆ ನಿನ್ನ ಫೈಲುಗಳನ್ನು ಅಳಿಸಿದವಳು ನಾನು. ಕರೆಂಟ್ ಹೋಗಿದ್ದರಿಂದ ಅಲ್ಲ, ವೈರಸ್ಸಿನಿಂದ ಅಲ್ಲ, ನಿನ್ನ ಮರೆವಿನಿಂದಂತೂ ಅಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಲಿಂಗಪೂಜೆ ಮುಗಿಸಿ, ಹಣೆಯ ಮೇಲಿನ ವಿಭೂತಿ ಒಣಗುವ ಮೊದಲೇ ನನ್ನ ಈ ಬಲಗೈಯಿಂದ ಅಳಿಸಿದೆ. ನೀನು ಬಂದು ಕೇಳಿದಾಗ, ನೀನೇ ಸೇವ್ ಮಾಡಿಲ್ಲ ಎಂದೆ.

ನಾನು ಮಾತಿಗೆ ಅಂಜುವವಳಲ್ಲ, ನಿನಗೆ ಗೊತ್ತು. ಹಾಲಿನವನ ಜೊತೆ, ನೀರು ಬಿಡುವವನ ಜೊತೆ, ಕೊನೆಕೊನೆಗೆ ಅತ್ತೆಯ ಜೊತೆಗೂ ನೇರವಾಗಿ ಮಾತಾಡಿದವಳು. ಇದೊಂದು ಮಾತಿನ ಹತ್ತಿರ ಬಂದಾಗಲೆಲ್ಲ ಮಾತ್ರ — ಇರಲಿ. ಇವತ್ತು ಕೂತು ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯಬಲ್ಲೆ. ಒಂದು ಹೆಜ್ಜೆಯೂ ಮರೆತಿಲ್ಲ.

ಚಾಮರಾಜಪೇಟೆಯ ಈ ಮನೆಗೆ ನಾನು ಹಿರಿಸೊಸೆ, ನೀನು ಕಿರಿಸೊಸೆ. ನೀನು ತುಮಕೂರಿನಿಂದ ಬಂದು ಎರಡು ವರ್ಷವಾಗಿತ್ತು. ಆ ಹೊತ್ತಿಗೆ ಅಣ್ಣತಮ್ಮಂದಿರಿಬ್ಬರೂ ಸೇರಿ ಎಸ್.ಪಿ. ರಸ್ತೆಯಲ್ಲಿ ಜೋಡಿಸಿಕೊಂಡು ಬಂದ ಕಂಪ್ಯೂಟರ್ ನಡುಮನೆಯಲ್ಲಿ, ದೇವರ ಕೋಣೆಯ ಗೋಡೆಗೆ ಒತ್ತಿಕೊಂಡು ಕೂತಿತ್ತು. ಮೂವತ್ತೆರಡು ಎಂ.ಬಿ. ಮೆಮೊರಿ, ಸಿ ಮತ್ತು ಡಿ ಎಂದು ಎರಡು ಪಾಲಾದ ಸಣ್ಣ ಹಾರ್ಡ್ ಡಿಸ್ಕ್. ಈಗಿನ ಮಕ್ಕಳು ನಗುತ್ತಾರೆ. ನಮಗದು ಮನೆಗೆ ಬಂದ ಹಸುವಿನ ಹಾಗಿತ್ತು. ಆಯುಧಪೂಜೆಯ ದಿನ ಅದರ ಡಬ್ಬಿಗೆ ನಾನೇ ಮೂರು ಗೆರೆ ವಿಭೂತಿ ಎಳೆದಿದ್ದೆ, ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ ಹೊದಿಕೆ ಹೊಲಿದಿದ್ದೆ. ಫ್ಲಾಪಿಗಳಿಗೆ ಧೂಳು ಕೂರಬಾರದೆಂದು ಬೆಳ್ಳಿ ಬಟ್ಟಲುಗಳ ಪಕ್ಕದಲ್ಲಿ, ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೆ. ಬೀಗದ ಕೈ ನನ್ನ ಸೊಂಟದಲ್ಲಿ. ನಿನ್ನ ಕೆಲಸದ ಒಂದು ಪ್ರತಿ ಯಾವ ಫ್ಲಾಪಿಯಲ್ಲೂ ಇಲ್ಲದೆ ಹೋದದ್ದಕ್ಕೆ ಆ ಬೀಗವೂ ಕಾರಣ. ಇದನ್ನೂ ಈಗಲೇ ಹೇಳಿಬಿಡುತ್ತೇನೆ.

ಮನೆಯಲ್ಲಿ ಆ ಯಂತ್ರದ ವಿದ್ಯೆ ಇದ್ದದ್ದು ನನ್ನೊಬ್ಬಳಿಗೆ. ಬೀದಿಯ ಕೊನೆಯಲ್ಲಿ ಹೆಂಗಸರಿಗೆಂದೇ ಮಧ್ಯಾಹ್ನದ ಹೊತ್ತು ಒಂದು ಕ್ಲಾಸು ನಡೆಯುತ್ತಿತ್ತು. ಅಡುಗೆಮನೆ ಒರೆಸಿ, ಸೀರೆ ಬದಲಾಯಿಸಿ, ಮೂರು ತಿಂಗಳು ಹೋಗಿ ಕಲಿತು ಬಂದೆ. ಪಿಯುಸಿಯಲ್ಲೇ ಓದು ನಿಂತವಳಿಗೆ ಅದು ಶಿವ ಕೊಟ್ಟ ಎರಡನೆಯ ಅವಕಾಶ ಅನ್ನಿಸಿತ್ತು. ಕಂಪ್ಯೂಟರ್ ಕೆಟ್ಟರೆ ಮೈದುನನೂ ನನ್ನನ್ನೇ ಕರೆಯುತ್ತಿದ್ದ — "ಅತ್ತಿಗೆ, ನಿಮ್ಮ ಮಗು ಅಳ್ತಿದೆ ನೋಡ್ಬನ್ನಿ." ಆ ಕರೆಗೆ ನಾನು ಎಷ್ಟು ಹಿಗ್ಗುತ್ತಿದ್ದೆ ಎಂದು ಯಾರಿಗೂ ಹೇಳಿಲ್ಲ.

ನಿನಗೆ ಯಂತ್ರ ಅಷ್ಟು ಗೊತ್ತಿರಲಿಲ್ಲ, ಆದರೆ ಮಾತು ಗೊತ್ತಿತ್ತು. ಸುಲ್ತಾನ್‌ಪೇಟೆಯ ಒಂದು ಕಾರ್ಡಿನ ಅಂಗಡಿಯವರು ಅಚ್ಚಾಗುವ ಒಕ್ಕಣೆಯನ್ನು — ಅವರ ಭಾಷೆಯಲ್ಲಿ ಮ್ಯಾಟರ್ — ಹೊಸದಾಗಿ ಬರೆಸಬೇಕೆಂದಿದ್ದರು. ಗಿರಾಕಿಗಳಿಗೆ ತೋರಿಸುವ ಆಲ್ಬಮ್ಮಿಗೆ ನಲವತ್ತು ಬಗೆ: ಮದುವೆ, ನಾಮಕರಣ, ಗೃಹಪ್ರವೇಶ, ಅರವತ್ತರ ಶಾಂತಿ. ಬರೆದು, ಬಾರ್ಡರ್ ಹಾಕಿ, ಪುಟ ಕೂರಿಸಿ ಕೊಟ್ಟರೆ ಮುಂದೆ ಮನೆಯಲ್ಲೇ ಕೂತು ಮಾಡುವ ಕಾಯಂ ಕೆಲಸ. ನೀನು ಒಂದೂವರೆ ತಿಂಗಳು ಕೂತೆ. ಕಾಗದದ ಮೇಲೆ ಯಾಕೆ ಬರೆದುಕೊಳ್ಳಲ್ಲ ಎಂದು ಕೇಳಿದ್ದಕ್ಕೆ ನೀನು ಹೇಳಿದ್ದು ನೆನಪಿದೆ — "ಪೇಪರ್ ಮೇಲೆ ಬರೆದ್ರೆ ಮಾತು ಅಲ್ಲೇ ಕೂತ್ಬಿಡತ್ತೆ ಅಕ್ಕ. ಇಲ್ಲಾದ್ರೆ ಅಳಿಸಿ ಅಳಿಸಿ ಬರೀಬಹುದು."

ಪುಟ ಭಾರವಾದಂತೆ ಯಂತ್ರ ನಿಲ್ಲತೊಡಗಿತು. ತುಮಕೂರಿಗೆ ತವರಿಗೆ ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದೆ: "ಅಕ್ಕ, ಬಾರ್ಡರ್ ಹಾಕಿದ್ ತಕ್ಷಣ ಮೆಮೊರಿ ಸಾಲ್ದು ಅಂತ ಬರತ್ತೆ, ಹಂಗೇ ನಿಂತ್ಹೋಗತ್ತೆ. ನೀವೇ ಏನಾದ್ರೂ ಮಾಡಿ ಕೊಡಿ. ಸೋಮವಾರ ಅಂಗಡಿಗೆ ತೋರಿಸ್ಬೇಕು."

ನಾನೇ ಏನಾದರೂ ಮಾಡಿ ಕೊಡಬೇಕು. ಮಾಡಿದೆ.

ಶನಿವಾರ ಪೂಜೆ ಮುಗಿಸಿ ಕೂತೆ. ಏನು ಮಾಡಬೇಕೆಂದು ನನಗೆ ಖಂಡಿತವಾಗಿ ಗೊತ್ತಿತ್ತು. ಅಡುಗೆಮನೆಯ ಕಟ್ಟೆ ತುಂಬಿದಾಗ ಪಾತ್ರೆಗಳನ್ನು ನಡುಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲವೆ, ಕಂಪ್ಯೂಟರೂ ಹಾಗೇ. ಒಳಗಿನ ಮೆಮೊರಿ ಸಾಲದಾದಾಗ ಹಾರ್ಡ್ ಡಿಸ್ಕಿನಲ್ಲಿ ಒಂದಿಷ್ಟು ಜಾಗವನ್ನು ಮೆಮೊರಿಯಂತೆ ಬಳಸುತ್ತದೆ. ಅದಕ್ಕೆ ವರ್ಚುವಲ್ ಮೆಮೊರಿ ಎಂದು ಹೆಸರು. ಎಷ್ಟು ಜಾಗ, ಯಾವ ಡ್ರೈವಿನಲ್ಲಿ ಎಂಬುದನ್ನು ಅದರ ಪಾಡಿಗೆ ಬಿಡಬಹುದು, ಇಲ್ಲವೇ ನಾವೇ ಗೊತ್ತುಮಾಡಬಹುದು. ಕ್ಲಾಸಿನ ಮೇಡಂ ಹೇಳಿಕೊಟ್ಟಿದ್ದರು: ಇರುವ ಮೆಮೊರಿಯ ಎರಡೂವರೆ ಪಟ್ಟು ಇಡಿ; ಕನಿಷ್ಠ, ಗರಿಷ್ಠ ಎರಡಕ್ಕೂ ಒಂದೇ ಅಂಕಿ ಕೊಡಿ, ಯಂತ್ರ ತಡವರಿಸುವುದಿಲ್ಲ. ಮೂವತ್ತೆರಡರ ಎರಡೂವರೆ ಪಟ್ಟು ಎಂಬತ್ತು. ಸಿ ಆಗಲೇ ತುಂಬಿ ತುಳುಕುತ್ತಿತ್ತು. ಡಿಯಲ್ಲಿ ಇಡೋಣವೆಂದರೆ ಅಲ್ಲಿ ಐವತ್ತೂ ಖಾಲಿ ಇಲ್ಲ.

ಏನಾದರೂ ಅಳಿಸಬೇಕಿತ್ತು. ಡಿ ತುಂಬ ಇದ್ದದ್ದು ಏನು ಗೊತ್ತೆ? ನನ್ನ ಹಾಡುಗಳು. ಒಂದೇ ಸಿ.ಡಿ.ಯಲ್ಲಿ ನೂರು ಹಾಡು ಬರುತ್ತಿದ್ದ ಕಾಲ. ಶಿವನ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಬೆಳಿಗ್ಗೆ ತರಕಾರಿ ಹೆಚ್ಚುವಾಗ ಹಾಕುತ್ತಿದ್ದೆ. ಹತ್ತು ಹಾಡು ಅಳಿಸಿದ್ದರೆ ಸಾಕಿತ್ತು. ಸಿ.ಡಿ. ಬೀರುವಿನಲ್ಲೇ ಇತ್ತು, ಮತ್ತೆ ಹಾಕಿಕೊಳ್ಳಬಹುದಿತ್ತು. ಅದೂ ನನಗೆ ಗೊತ್ತಿತ್ತು. ಆ ಫೋಲ್ಡರಿನ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದೆ — ಕೈ ಬರಲಿಲ್ಲ. ಆಗತಾನೆ ಪೂಜೆ ಮಾಡಿ ಎದ್ದ ಕೈ. ದೇವರ ಹೆಸರಿನ ಮೇಲೆ ಬಾಣ ಇಟ್ಟು 'ಅಳಿಸು' ಅನ್ನುವುದೆ? ಹಣೆಯ ವಿಭೂತಿಯನ್ನು ನಾನೇ ಒರೆಸಿಕೊಂಡ ಹಾಗಾಗುತ್ತದಲ್ಲ ಎಂದುಕೊಂಡೆ.

ಅದಕ್ಕೇ ಬೇರೇನಿದೆ ಎಂದು ಹುಡುಕಿದೆ. 'ನ್ಯೂ ಫೋಲ್ಡರ್ ಎರಡು' ಎಂಬುದೊಂದು ಕಂಡಿತು. ಹೆಸರಿಲ್ಲದ ಫೋಲ್ಡರ್. ಒಳಗಿನ ಮೊದಲ ಫೈಲನ್ನು ಒತ್ತಿದರೆ, ಯಾವುದರಲ್ಲಿ ತೆಗೆಯಲಿ ಎಂದು ಕೇಳಿತು. ನೋಟ್‌ಪ್ಯಾಡ್ ಎಂದೆ. ತೆರೆದುಕೊಂಡಿತು — ಕಸ. ಇಂಗ್ಲಿಷ್ ಅಕ್ಷರಗಳ ತಲೆಗೆ ಕೊಂಬು, ಕಾಲಿಗೆ ಬಾಲ, ನಡುನಡುವೆ ಪೌಂಡಿನ ಗುರುತು, ಇರುವೆ ಸಾಲು ಚೆದುರಿದ ಹಾಗೆ. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಆ ವರ್ಷ ಎಲ್ಲರ ಬಾಯಲ್ಲೂ ವೈರಸ್ಸಿನ ಮಾತೇ ಇತ್ತು. ಇದೂ ವೈರಸ್ಸಿನ ಕೆಲಸವೇ ಎಂದು ತೀರ್ಮಾನಿಸಿದೆ. ಎಷ್ಟು ನಿಶ್ಚಯವಾಗಿ ತೀರ್ಮಾನಿಸಿದೆನೆಂದರೆ ನಾಲ್ಕನೆಯದನ್ನು ತೆಗೆದು ನೋಡಲಿಲ್ಲ. ಕೊನೆಯವರೆಗೆ ನೋಡಿದ್ದರೆ ನಿನ್ನ ಹೂಬಳ್ಳಿಯ ಬಾರ್ಡರುಗಳು, ಗಣಪತಿಯ ಚಿತ್ರಗಳು ಸಿಗುತ್ತಿದ್ದವು. ಫೋಲ್ಡರ್ ಅಷ್ಟು ಭಾರವಾಗಿದ್ದದ್ದು ಅವುಗಳಿಂದಲೇ. ನಿನಗೆ ಒಂದು ಫೋನು ಮಾಡಬಹುದಿತ್ತು. ಫೋನು ಕಂಪ್ಯೂಟರಿನ ಪಕ್ಕದಲ್ಲೇ ಇತ್ತು, ಶೈಲಾ. ಕೈ ಚಾಚಿದರೆ ಸಿಗುತ್ತಿತ್ತು.

ಫೋಲ್ಡರ್ ಅಳಿಸಲೇ ಎಂದು ಯಂತ್ರ ಕೇಳಿತು. ಹೌದು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದರಷ್ಟೇ ಜಾಗ ಸಿಗುವುದು, ಅದಕ್ಕೂ ಕೇಳಿತು. ಹೌದು. ಡಿ ಡ್ರೈವ್ ಆರಿಸಿ, ಎರಡು ಕಡೆಯೂ ಎಂಬತ್ತು ಎಂದು ಬರೆದೆ. ವರ್ಚುವಲ್ ಮೆಮೊರಿಯನ್ನು ನೀವೇ ಬದಲಾಯಿಸುತ್ತಿದ್ದೀರಿ, ಕಂಪ್ಯೂಟರ್ ಮತ್ತೆ ಏಳದೆ ಹೋಗಬಹುದು, ಖಂಡಿತವೆ ಎಂದು ಮೂರನೆಯ ಸಲ ಕೇಳಿತು. ಹೌದು. ಯಂತ್ರ ನನ್ನನ್ನು ಮೂರು ಸಲ ಕೇಳಿತು. ನಾನು ನಿನ್ನನ್ನು ಒಂದು ಸಲವೂ ಕೇಳಲಿಲ್ಲ.

ಮತ್ತೆ ಆನ್ ಆದಾಗ ಏನು ಚುರುಕು! ಪುಟ ಹಾಕುವ ಪ್ರೋಗ್ರಾಮನ್ನು ತೆರೆದು ದೊಡ್ಡ ಬಾರ್ಡರ್ ಹಾಕಿ ನೋಡಿದೆ. ತಟಕ್ಕನೆ ಬಂದು ಕೂತಿತು. ನಡುವೆ ಕರೆಂಟೂ ಹೋಗಲಿಲ್ಲ. ನಿನಗೆ ಗೊತ್ತಲ್ಲ, ಸಣ್ಣಸಣ್ಣ ದಯೆಗಳನ್ನು ಎಣಿಸುವುದು ನನ್ನ ಅಭ್ಯಾಸ. ಹಾಲು ಉಕ್ಕುವ ಮೊದಲೇ ನೋಡಿದೆ, ಒಂದು. ನೀರು ಹೋಗುವ ಮೊದಲೇ ಬಟ್ಟೆ ಜಾಲಿಸಿದೆ, ಎರಡು. ಆ ದಿನ ಕರೆಂಟ್ ಇದ್ದದ್ದನ್ನೂ ಎಣಿಸಿ, ದೇವರ ಕೋಣೆಯ ಕಡೆ ತಿರುಗಿ ಕೈ ಮುಗಿದೆ.

ಭಾನುವಾರ ಸಂಜೆ ನೀನು ಬಂದೆ. ಚೀಲ ಇಳಿಸಿ, ಕಾಲು ತೊಳೆದು, ನೇರ ಅಲ್ಲಿಗೇ ಹೋಗಿ ಕೂತೆ. ನಾನು ಹೊಗಳಿಕೆಗೆ ಕಾಯುತ್ತ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಬತ್ತಿ ಹೊಸೆಯುತ್ತಿದ್ದರು, ನಿನ್ನ ಗಂಡ ಮಹೇಶ ಪೇಪರ್ ಓದುತ್ತಿದ್ದ.

"ಅಕ್ಕ, ಡಿಯಲ್ಲಿ ನನ್ನದೊಂದು ಫೋಲ್ಡರ್ ಇತ್ತಲ್ಲ? ನ್ಯೂ ಫೋಲ್ಡರ್ ಎರಡು ಅಂತ?"

"ಡಿಯಲ್ಲಾ? ಮೈ ಡಾಕ್ಯುಮೆಂಟ್ಸಲ್ಲಿ ಇಡು ಅಂತ ಹೇಳ್ಕೊಟ್ಟಿದ್ನಲ್ಲ."

"ಸಿ ತುಂಬೋಯ್ತು ಅಂತು ಅಕ್ಕ, ಅದಕ್ಕೆ ಡಿಗೆ ಹಾಕಿದ್ದೆ. ನಲವತ್ತೂ ಅದರಲ್ಲೇ ಇತ್ತು."

ನಾನು ಅಳಿಸಿದ್ದು ಅದನ್ನೇ. ಆ ಕ್ಷಣದಲ್ಲಿ ನಾಲ್ಕು ಮಾತು — 'ನಾನು ಅಳಿಸಿಬಿಟ್ಟೆ ಕಣೆ, ಗೊತ್ತಾಗಲಿಲ್ಲ' — ಅಷ್ಟು ಹೇಳಿದ್ದರೆ ಮುಗಿದಿತ್ತು. ನೀನು ಅಳುತ್ತಿದ್ದೆ, ನಾನೂ ಅಳುತ್ತಿದ್ದೆ, ಸೋಮವಾರ ಇಬ್ಬರೂ ಅಂಗಡಿಗೆ ಹೋಗಿ ಒಂದು ವಾರ ಸಮಯ ಕೇಳಿಕೊಂಡು ಬರುತ್ತಿದ್ದೆವು. ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಯಂತ್ರದ ವಿದ್ಯೆ ಬಲ್ಲವಳ ಮುಖ. ಅವರ ಕಣ್ಣಲ್ಲಿ ಆ ಮುಖ ಬದಲಾಗುವುದು ನನಗೆ ಬೇಡವಾಗಿತ್ತು. ಹೇಳಿದೆ:

"ನೀನು ಸೇವ್ ಮಾಡಿರಲ್ಲ ಶೈಲಾ. ಅದು ನಿಂತ್ಹೋದಾಗ ಎಲ್ಲಾ ಹೋಗಿರತ್ತೆ."

"ಇಲ್ಲ ಅಕ್ಕ, ಪ್ರತಿ ಪುಟಕ್ಕೂ ಒತ್ತಿದ್ದೆ. ನೆನಪಿದೆ ನಂಗೆ."

"ಒತ್ತಿರಬಹುದು. ಆದ್ರೆ ಅದು ಸೇವ್ ಆಗಿರಲ್ಲ."

ಇಷ್ಟೇ. ಸ್ವರವೂ ನಡುಗಲಿಲ್ಲ. ನೀನು ನನ್ನನ್ನೇ ನೋಡಿದೆ, ಆಮೇಲೆ ನಿನ್ನ ಬೆರಳುಗಳನ್ನು ನೋಡಿಕೊಂಡೆ, ತಪ್ಪು ಅವುಗಳದೇ ಎನ್ನುವ ಹಾಗೆ. ಅತ್ತೆ ಬತ್ತಿಯಿಂದ ತಲೆ ಎತ್ತದೆ, "ಕೈ ಮುಗೀದೆ ಕೂತ್ರೆ ಹಿಂಗೇ ಆಗೋದು," ಎಂದರು. ಮಹೇಶ ನಕ್ಕ. "ರಾತ್ರಿ ಚಿಲಕ ಹಾಕಿದ್ಯಾ ಅಂತ ಮೂರ್ಸಲ ಎದ್ದು ನೋಡೋಳು, ಸೇವ್ ಮಾಡೋದ್ ಮರ್ತ್ಬಿಟ್ಯಾ?"

ಅವನ ಆ ತಮಾಷೆಯಲ್ಲೇ ಸತ್ಯವಿತ್ತು. ಚಿಲಕವನ್ನು ಮೂರು ಸಲ ನೋಡುವವಳು ಸೇವ್ ಮಾಡದೆ ಏಳುವವಳಲ್ಲ. ಅದು ಹೊಳೆದದ್ದು ನನಗೊಬ್ಬಳಿಗೆ. ಉಳಿದವರು ನಕ್ಕರು. ಯಾರೂ ಮತ್ತೆ ನನ್ನನ್ನು ಏನೂ ಕೇಳಲಿಲ್ಲ. ಕೇಳದೆ ಹೋದದ್ದನ್ನೂ ಆ ದಿನದ ದಯೆಗಳ ಜೊತೆ ಎಣಿಸಿಕೊಂಡೆ, ಶೈಲಾ. ಶಿವನ ಲೆಕ್ಕದಲ್ಲಿ ನನ್ನ ಸುಳ್ಳಿಗಿಂತ ಅದೇ ದೊಡ್ಡ ತಪ್ಪೆಂದು ಬರೆದಿರಬಹುದು ಎಂದು ಈಗ ಅನ್ನಿಸುತ್ತದೆ.

ಸೋಮವಾರ ಅಂಗಡಿಗೆ ತೋರಿಸಲು ಏನೂ ಇರಲಿಲ್ಲ. ನೀನು ಮತ್ತೆ ಬರೆಯಲು ಕೂತೆ. ಆದರೆ ಎರಡು ಸಾಲಿಗೊಮ್ಮೆ ಸೇವ್ ಒತ್ತುತ್ತಿದ್ದೆ. ಒತ್ತಿ, ಮುಚ್ಚಿ, ಇದೆಯೇ ಎಂದು ಮತ್ತೆ ತೆರೆದು ನೋಡುತ್ತಿದ್ದೆ. ನಾಲ್ಕು ದಿನದಲ್ಲಿ ಮೂರು ಪುಟವಾಯಿತು. ಮುಹೂರ್ತಗಳ ಕಾಲ ಎದುರಿಗಿತ್ತು, ಅಂಗಡಿಯ ಯಜಮಾನರಿಗೆ ಅವಸರ. "ಬಿಡಮ್ಮ ಪರವಾಗಿಲ್ಲ. ನಿಮ್ಮನೇಲಿ ಕಂಪ್ಯೂಟರ್ ಚೆನ್ನಾಗಿ ಗೊತ್ತಿರೋರು ಇನ್ನೊಬ್ರಿದಾರಂತಲ್ಲ, ಅವ್ರನ್ನ ಕಳಿಸಿ," ಎಂದರಂತೆ. ನೀನೇ ಬಂದು ಹೇಳಿದೆ. ಹೊಟ್ಟೆಕಿಚ್ಚಿಲ್ಲದೆ ಹೇಳಿದೆ — "ನೀವು ಹೋಗಿ ಅಕ್ಕ. ನಂಗೆ ಅದು ಒಗ್ಗಲ್ಲ."

ನಾನು ಹೋದೆ.

ಅಲ್ಲಿ ಕೂತ ಮೊದಲ ದಿನವೇ ಅಂಗಡಿಯ ಟೈಪಿಂಗ್ ಹೆಂಗಸು ಒಂದು ಫೈಲು ತೆರೆದಳು. ಅದೇ ಕೊಂಬು, ಅದೇ ಬಾಲ, ಅದೇ ಪೌಂಡಿನ ಗುರುತು. ನನ್ನ ಬಾಯಿಂದ "ವೈರಸ್ಸಾ?" ಎಂದು ಹೊರಟುಹೋಯಿತು. ಅವಳು ನಕ್ಕಳು. "ಅಯ್ಯೋ ಇಲ್ಲ ಮೇಡಂ, ಕನ್ನಡಾನೇ ಇದು. ಫಾಂಟ್ ಹಾಕಿಲ್ಲ ಅಷ್ಟೇ, ನೋಡಿ." ಎಲ್ಲವನ್ನೂ ಆರಿಸಿ ಕನ್ನಡದ ಫಾಂಟ್ ಕೊಟ್ಟಳು. ಇರುವೆಗಳೆಲ್ಲ ಒಮ್ಮೆಲೇ ಸಾಲಾಗಿ ನಿಂತವು — 'ಶ್ರೀ' ಎಂದು ಶುರುವಾಗಿ, ವಧೂವರರ ಹೆಸರು, ಮುಹೂರ್ತ… ಅಲ್ಲಿಯವರೆಗೂ ಮನಸ್ಸಿನ ಮೂಲೆಯಲ್ಲಿ 'ಅದು ಕೆಟ್ಟೇ ಹೋಗಿತ್ತೇನೋ, ಅಳಿಸದಿದ್ದರೂ ಸಿಗುತ್ತಿರಲಿಲ್ಲವೇನೋ' ಎಂದುಕೊಳ್ಳುತ್ತಿದ್ದೆ. ಅದೂ ಹೋಯಿತು. ನಾನು ಮೂರು ಫೈಲು ತೆರೆದು ನೋಡಿದ್ದೆನಲ್ಲ — ನೀನು ಬರೆದದ್ದು ನನ್ನ ಕಣ್ಣೆದುರೇ ಇತ್ತು. ಫಾಂಟ್ ಬದಲಾಯಿಸುವುದು ಎರಡು ಒತ್ತುಗಳ ಕೆಲಸ.

ಆ ಸಂಜೆಯಾದರೂ ಹೇಳಬಹುದಿತ್ತು. ಹೇಳದೆ ಈ ಒಂಬತ್ತು ವರ್ಷವೂ ಆ ಕೆಲಸ ಮಾಡಿದೆ. ಚೆನ್ನಾಗಿ ಮಾಡಿದೆ, ಅದನ್ನು ಸುಳ್ಳು ವಿನಯದಿಂದ ಇಲ್ಲವೆನ್ನುವುದಿಲ್ಲ. ಪುಟ ಕೂರಿಸುವುದರಲ್ಲಿ ನನ್ನ ಕೈ ಮೇಲು. ಆದರೆ ಮಾತು ನನ್ನದಾಗಿರಲಿಲ್ಲ. ಅಡುಗೆಮನೆಯಲ್ಲಿ ನೀನು ರೊಟ್ಟಿ ತಟ್ಟುತ್ತ, ಜ್ಞಾಪಕ ಬಂದದ್ದನ್ನು ಹೇಳುತ್ತಿದ್ದೆ — "ಅಕ್ಕ, ಗೃಹಪ್ರವೇಶಕ್ಕೆ ಹಿಂಗೆ ಬರೆದಿದ್ದೆ ನೋಡಿ, 'ನಮ್ಮ ಹೊಸ ಹೊಸಿಲಿಗೆ ನಿಮ್ಮ ಹೆಜ್ಜೆಯೇ ಮೊದಲ ರಂಗೋಲಿ'. ಬೇಕಾದ್ರೆ ಹಾಕ್ಕೊಳ್ಳಿ." ಹಾಕಿಕೊಂಡೆ. ಅಂಗಡಿಯಲ್ಲಿ ಎಲ್ಲರೂ ಕೊಂಡಾಡಿದರು. "ಎಲ್ಲಿಂದ ತರ್ತೀರಮ್ಮ ಇಂಥ ಮಾತು?" ಎಂದು ಯಜಮಾನರು ಕೇಳಿದರು. ನಾನು ಮೇಲೆ ಕೈ ತೋರಿಸಿದೆ — ಎಲ್ಲಾ ಶಿವನದು ಎನ್ನುವ ಹಾಗೆ. ನಿನ್ನ ಹೆಸರು ಹೇಳದೆ ತಪ್ಪಿಸಿಕೊಳ್ಳಲು ದೇವರನ್ನು ಅಡ್ಡ ತಂದೆ.

ಒಮ್ಮೆ ಮನೆಗೇ ಒಂದು ಗೃಹಪ್ರವೇಶದ ಕಾರ್ಡು ಬಂತು, ನೆನಪಿದೆಯೆ? ಓಕಳಿಪುರದ ನೆಂಟರದು. ನೀನು ಓದಿದೆ, ಮತ್ತೆ ಓದಿದೆ. "ಅಕ್ಕ, ಇದು ನಂದಲ್ವಾ?" ಎಂದೆ. ನಾನು ಹೂಂ ಎಂದೆ. ನೀನು ಆ ಕಾರ್ಡನ್ನು ಸೆರಗಿನಿಂದ ಒರೆಸಿ, ಕನ್ನಡಿಯ ಅಂಚಿಗೆ ಸಿಕ್ಕಿಸಿಟ್ಟೆ. ಅದು ಇನ್ನೂ ಅಲ್ಲೇ ಇದೆ. ತಲೆ ಬಾಚಿಕೊಳ್ಳುವಾಗ ದಿನಾ ಕಾಣುತ್ತದೆ ನನಗೆ.

ಮಹೇಶನ ತಮಾಷೆ ಮನೆಯ ಮಾತಾಗಿಬಿಟ್ಟಿತು. ಸಾರಿಗೆ ಉಪ್ಪು ಕಡಿಮೆಯಾದರೆ, ಗ್ಯಾಸ್ ಆರಿಸುವುದು ಮರೆತರೆ, ಮಕ್ಕಳ ಟಿಫನ್ ಡಬ್ಬಿ ಉಳಿದುಹೋದರೆ — "ಸೇವ್ ಮಾಡಿದ್ಯಾ ಶೈಲಾ?" ಮಕ್ಕಳೂ ಕಲಿತರು. ನೀನೂ ನಗುತ್ತಿದ್ದೆ. ನಗುತ್ತ ನಗುತ್ತಲೇ ನೀನು ಬ್ಯಾಂಕಿನ ಚಲನ್ ಬರೆಯುವುದನ್ನು ಬಿಟ್ಟೆ, "ನಾನು ತಪ್ಪು ಮಾಡ್ಬಿಡ್ತೀನಿ, ನೀವೇ ಬರೀರಿ" ಎಂದೆ. ಮಕ್ಕಳ ಶಾಲೆಯ ಅರ್ಜಿ ಬಿಟ್ಟೆ. ಕಂಪ್ಯೂಟರಿನ ಧೂಳು ಒರೆಸುವಾಗಲೂ ಕೀಲಿಮಣೆಗೆ ಕೈ ತಾಗಿಸದೆ ಸುತ್ತ ಒರೆಸುತ್ತಿದ್ದೆ. ಒಂದೂವರೆ ತಿಂಗಳಲ್ಲಿ ನಲವತ್ತು ಬಗೆ ಬರೆದಿದ್ದ ಹೆಂಗಸು! ನಾನು ಅಳಿಸಿದ್ದು ಫೈಲುಗಳನ್ನು ಮಾತ್ರ ಎಂದು ಎಷ್ಟು ವರ್ಷ ಅಂದುಕೊಂಡಿದ್ದೆ…

ಈಗ ನಾಗರಭಾವಿಯಲ್ಲಿ ನಿಮ್ಮ ಮನೆ ಎದ್ದು ನಿಂತಿದೆ. ಬರುವ ತಿಂಗಳು ಗೃಹಪ್ರವೇಶ. ಮೊನ್ನೆ ಊಟಕ್ಕೆ ಕೂತಾಗ ಮಹೇಶ ಹೇಳಿದ: "ಅತ್ತಿಗೆ, ಕಾರ್ಡಿನ ಮ್ಯಾಟರ್ ನೀವೇ ಮಾಡ್ಕೊಡ್ಬೇಕು. ಇವಳ ಕೈಗೆ ಕೊಟ್ರೆ ಗೊತ್ತಲ್ಲ, ಸೇವೇ ಮಾಡಲ್ಲ." ಎಲ್ಲರೂ ನಕ್ಕರು. ನೀನೂ ನಕ್ಕೆ, ಅನ್ನ ಬಡಿಸುತ್ತ. ನಿನ್ನ ಸ್ವಂತ ಮನೆಯ ಕಾರ್ಡಿಗೂ ನಿನ್ನದೇ ಮಾತನ್ನು ನಾನು ಕೂಡಿಸಿಕೊಡಬೇಕು, ನೀನು ಅದಕ್ಕೆ ನನಗೆ ಥ್ಯಾಂಕ್ಸ್ ಹೇಳಬೇಕು. ಇಷ್ಟು ದೂರ ಬಂತಲ್ಲ.

ಸೋಮವಾರ ಪೂಜೆಯಾದ ಮೇಲೆ ಎಲ್ಲರೂ ತಿಂಡಿಗೆ ಕೂತಿರುವಾಗ ಇದನ್ನು ನಾನೇ ಓದುತ್ತೇನೆ. ನಿನಗೊಬ್ಬಳಿಗೆ ಗುಟ್ಟಾಗಿ ಅಲ್ಲ. ಸುಳ್ಳು ಎಲ್ಲರೆದುರು ಹೇಳಿದ್ದೆ, ಇದೂ ಎಲ್ಲರೆದುರೇ ಆಗಬೇಕು. ಮಹೇಶ ಕೇಳಬೇಕು, ಮಕ್ಕಳು ಕೇಳಬೇಕು, ಅತ್ತೆ ಕಿವಿಗೆ ಯಂತ್ರ ಹಾಕಿಕೊಂಡು ಕೇಳಬೇಕು. ಮಧ್ಯಾಹ್ನ ಸುಲ್ತಾನ್‌ಪೇಟೆಗೆ ಹೋಗಿ ಯಜಮಾನರಿಗೂ ಹೇಳಿ ಬರುತ್ತೇನೆ — ಆ ಆಲ್ಬಮ್ಮಿನ ಮಾತುಗಳು ಯಾರವು ಎಂದು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಅಲ್ಲೇ ಕೊಟ್ಟುಬಿಡುತ್ತೀಯ, ನನಗೆ ಗೊತ್ತು. ಅಷ್ಟು ಸುಲಭವಾಗಿ ಸಿಕ್ಕಿದ್ದನ್ನು ನಾನು ಮತ್ತೆ ದಯೆ ಎಂದು ಎಣಿಸಿಕೊಂಡುಬಿಡುತ್ತೇನೆ.

ಕಾರ್ಡಿನ ಮ್ಯಾಟರ್ ನಾನು ಬರೆಯುವುದಿಲ್ಲ. ಕಂಪ್ಯೂಟರ್ ಆನ್ ಮಾಡಿ, ಖಾಲಿ ಪುಟ ತೆರೆದು, ಕನ್ನಡದ ಫಾಂಟ್ ಹಾಕಿಟ್ಟಿರುತ್ತೇನೆ. ಕುರ್ಚಿ ನಿನ್ನದು. ಬೀರುವಿನ ಬೀಗದ ಕೈಯೂ ಅಲ್ಲೇ, ಕೀಲಿಮಣೆಯ ಪಕ್ಕದಲ್ಲಿ ಇರುತ್ತದೆ.

ನೀನು ಸೇವ್ ಮಾಡಿದ್ದೆ, ಶೈಲಾ. ನಲವತ್ತನ್ನೂ ಸೇವ್ ಮಾಡಿದ್ದೆ.